ಉಳಿದ ಗಾಳಿ ಯಾರ ಪಾಲು?

ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಸರ್ಕಾರಿ ಕಚೇರಿಗಳಿಗೆ ಹೋದವರಿಗೆ ಒಂದು ವಿಶಿಷ್ಟ ಗಡಿಬಿಡಿ ಕಣ್ಣಿಗೆ ಬೀಳುತ್ತದೆ. ವರ್ಷವಿಡೀ ಕಡತಗಳಲ್ಲಿ ಮಲಗಿದ್ದ ಅನುದಾನಕ್ಕೆ ಆಗ ದಿಢೀರನೆ ಎಚ್ಚರವಾಗುತ್ತದೆ. ಮಾರ್ಚ್ 31ರೊಳಗೆ ಖರ್ಚಾಗದ ಹಣ ಲ್ಯಾಪ್ಸ್ ಆಗಿಬಿಡುತ್ತದೆ ಎಂಬ ಭಯವೇ ಇದಕ್ಕೆ ಕಾರಣ. ಉಳಿಸಿದವನಿಗೆ ಬಹುಮಾನವಿಲ್ಲ, ಬದಲಿಗೆ ಮರುವರ್ಷದ ಹಂಚಿಕೆಗೆ ಕತ್ತರಿ ಬೀಳುತ್ತದೆ. ಮೂರು ದಶಕಗಳಿಗೂ ಮಿಕ್ಕಿದ ಸೇವಾವಧಿಯಲ್ಲಿ ನಾನು ಈ ಮನೋಧರ್ಮವನ್ನು ಟೀಕಿಸಿ ಟಿಪ್ಪಣಿಗಳನ್ನು ಬರೆದದ್ದುಂಟು. ಆದರೆ ಅದು ನನ್ನೊಳಗೇ ಎಷ್ಟು ಆಳವಾಗಿ ಬೇರೂರಿತ್ತು ಎಂಬುದು ತಿಳಿದದ್ದು ನಿವೃತ್ತಿಯ ಅನಂತರ. ಅದೂ ಅರಬ್ಬೀ ಸಮುದ್ರದ ಮೇಲ್ಮೈಯಿಂದ 16 ಮೀಟರ್ ಕೆಳಗೆ.

ಮುರುಡೇಶ್ವರದ ಕಡಲತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ಎಂಬ ಪುಟ್ಟ ದ್ವೀಪವಿದೆ. ಜನವಸತಿಯಿಲ್ಲದ, ಕಡಿದಾದ ಬಂಡೆಗಳ ದ್ವೀಪ. ಅದರ ಬುಡದ ಬಂಡೆಗಳಿಗೆ ಹವಳ ಹಬ್ಬಿ ಬೆಳೆದಿದೆ. ಗಿಳಿಮೀನು, ಚಿಟ್ಟೆಮೀನುಗಳ ಹಿಂಡುಗಳೂ ಅದೃಷ್ಟವಿದ್ದವರಿಗೆ ಕಡಲಾಮೆಯೂ ಅಲ್ಲಿ ಕಾಣಸಿಗುತ್ತವೆ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ ಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್ ಇದೇ ನೀರಿಗೆ ಇಳಿದದ್ದನ್ನು ಕಂಡ ಮೇಲೆ, ಸ್ಕೂಬಾ ಡೈವಿಂಗ್ ಎಂಬ ಹೆಸರು ನಮ್ಮ ಮನೆಗಳ ಮಾತುಕತೆಯಲ್ಲಿಯೂ ಸುಳಿಯತೊಡಗಿತು. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ, ಸುಮಾರಾಗಿ ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ, ಅಲ್ಲಿಗೆ ದೋಣಿಗಳು ಹೊರಡುತ್ತವೆ.

ಹೀಗೆ ಹೋಗುವವರಲ್ಲಿ ಎರಡು ವರ್ಗ. ಮೊದಲ ಬಾರಿಗೆ ಇಳಿಯುವವರನ್ನು ತರಬೇತುದಾರ ಕೈಹಿಡಿದೇ ಕರೆದೊಯ್ಯುತ್ತಾನೆ. ಅವರ ಗಾಳಿಯ ಲೆಕ್ಕವನ್ನೂ ಅವನೇ ನೋಡಿಕೊಳ್ಳುತ್ತಾನೆ. ತರಬೇತಿ ಪಡೆದು ಪ್ರಮಾಣಪತ್ರ ಗಳಿಸಿದವರು ಎರಡನೆಯ ವರ್ಗ. ಅವರ ಗಾಳಿಗೆ ಅವರೇ ಹೊಣೆ. ಅರವತ್ತೆರಡನೆಯ ವಯಸ್ಸಿನಲ್ಲಿ, ವೈದ್ಯರ ಒಪ್ಪಿಗೆ ಪಡೆದು, ಮಗಳ ಒತ್ತಾಯಕ್ಕೆ ಮಣಿದು ನಾನು ಈ ಎರಡನೆಯ ವರ್ಗಕ್ಕೆ ಸೇರಿದೆ. ನಾನು ಬರೆಯುತ್ತಿರುವುದು ಆ ವರ್ಗಕ್ಕೆ ಸೇರಿದವರಿಗಾಗಿ, ಹಾಗೂ ಮುಂದೆ ಸೇರಲಿರುವವರಿಗಾಗಿ.

ಆ ದಿನ ನೇತ್ರಾಣಿಯಲ್ಲಿ ಎರಡು ಬಾರಿ ಇಳಿಯುವ ಕಾರ್ಯಕ್ರಮವಿತ್ತು. ನಾವು ನಾಲ್ವರು, ಜೊತೆಗೆ ಮುಂದಾಳಾಗಿ ಇಪ್ಪತ್ತೈದರ ಆಸುಪಾಸಿನ ಸ್ಥಳೀಯ ತರುಣ. ಮೀನುಗಾರರ ಮನೆಯ ಹುಡುಗ. ನೀರು ಅವನಿಗೆ ಅಂಗಳವಿದ್ದಂತೆ. ‘100ಕ್ಕೆ ಬಂದಾಗ ನನಗೆ ತಿಳಿಸಿ. 50 ಉಳಿದಿರುವಾಗ ದೋಣಿಯಲ್ಲಿರಬೇಕು’ ಎಂದು ಮೊದಲೇ ಹೇಳಿದ್ದ. ಅವನು ಹೇಳಿದ್ದು ಸಿಲಿಂಡರಿನೊಳಗಿನ ಒತ್ತಡವನ್ನು. ಅದನ್ನು ಅಳೆಯುವ ಮಾನ ‘ಬಾರ್’. ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನೆಲದ ಮೇಲೆ ನಮ್ಮನ್ನು ಆವರಿಸಿರುವ ವಾಯುಮಂಡಲದ ಒತ್ತಡ. ತುಂಬಿದ ಸಿಲಿಂಡರಿನಲ್ಲಿ ಇದು ಸುಮಾರು 200.

ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮೊದಲು ಗಾಳಿ ತೀರಿಸಿದವನು ನಾನು. ನನ್ನ ಮಾಪಕ 80ಕ್ಕೆ ಇಳಿದಾಗ, ಇತರರ ಬಳಿ ಇನ್ನೂ ಸಾಕಷ್ಟಿದ್ದರೂ, ತಂಡವೆಲ್ಲ ಮೇಲೇಳಬೇಕಾಯಿತು. ಒಟ್ಟು 28 ನಿಮಿಷ. ದೋಣಿಯಲ್ಲಿ ಬೆಂಗಳೂರಿನ ತರುಣನೊಬ್ಬ ‘ಅಂಕಲ್, ಸಮುದ್ರದ ಗಾಳಿಯನ್ನೆಲ್ಲ ನೀವೊಬ್ಬರೇ ಮುಗಿಸಿಬಿಟ್ರಿ’ ಎಂದು ನಕ್ಕ. ಅದರಲ್ಲಿ ಕುಹಕವಿರಲಿಲ್ಲ. ಆದರೂ ನನಗೆ ಮುಜುಗರವಾಯಿತು. ಸಾವಿರಾರು ರೂಪಾಯಿ ತೆತ್ತು ಬಂದ ಮೂವರ ಸಮಯವನ್ನು ನಾನು ಕಸಿದೆನಲ್ಲ ಎಂಬ ಅಳುಕು ಒಂದು ಕಡೆ. ಉಳಿದ 60 ಬಾರ್ ಗಾಳಿಯನ್ನು ಬಳಸದೆಯೇ ಹಿಂದಿರುಗಿಸಿದೆನಲ್ಲ ಎಂಬ ಹಳಹಳಿ ಇನ್ನೊಂದು ಕಡೆ.

ಎರಡನೆಯ ಸುತ್ತಿನಲ್ಲಿ 20 ನಿಮಿಷ ಕಳೆದಾಗ ಮುಂದಾಳು ತಿರುಗಿ ಒತ್ತಡವೆಷ್ಟೆಂದು ಸನ್ನೆಯಲ್ಲಿ ಕೇಳಿದ. ನನ್ನ ಮಾಪಕದ ಮುಳ್ಳು 90ರಲ್ಲಿತ್ತು. ನೂರನ್ನು ದಾಟಿದಾಗಲೇ ತಿಳಿಸಬೇಕಿತ್ತು, ತಿಳಿಸಿರಲಿಲ್ಲ. ನಾನು ಬೆರಳುಗಳಲ್ಲಿ 120 ಎಂದು ತೋರಿಸಿದೆ.

ಯಾಕೆ ಹಾಗೆ ಮಾಡಿದೆನೆಂದು ಅನಂತರ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಸೇವೆಯಲ್ಲಿದ್ದಾಗ ಅಧೀನ ಅಧಿಕಾರಿಗಳ ಅಂಕಿ-ಅಂಶಗಳಲ್ಲಿ ಸುಳ್ಳನ್ನು ಹುಡುಕುವುದೇ ನನ್ನ ಕೆಲಸದ ಒಂದು ಭಾಗವಾಗಿತ್ತು. ಆದರೆ ಮಗನ ವಯಸ್ಸಿನ ಹುಡುಗನಿಗೆ ಲೆಕ್ಕ ಒಪ್ಪಿಸುವ ಸರದಿ ಬಂದಾಗ, ಅಂಕಿಯನ್ನು ತಿದ್ದಲು ನನಗೆ ಅರೆಕ್ಷಣವೂ ಬೇಕಾಗಲಿಲ್ಲ.

ನನ್ನ ಮಾತನ್ನು ನಂಬಿದ ಅವನು ತಂಡವನ್ನು ಬಂಡೆಯ ಇನ್ನೊಂದು ಬದಿಗೆ ಕರೆದೊಯ್ದ. ಅಲ್ಲಿ ಸೆಳೆತವಿತ್ತು, ಕಡಲಾಮೆಯೂ ಇತ್ತು. ಅದರ ಹಿಂದೆ ಕಾಲು ಬಡಿಯುತ್ತ ಸಾಗಿದೆ. ಏಳು ನಿಮಿಷದ ಅನಂತರ ಮಾಪಕ ನೋಡಿದಾಗ 40. ಎದೆ ಧಸಕ್ಕೆಂದಿತು, ಉಸಿರು ಇನ್ನಷ್ಟು ಬಿರುಸಾಯಿತು. ಮುಂದಾಳು ಅದನ್ನು ಹೇಗೆ ಗ್ರಹಿಸಿದನೋ ಕಾಣೆ. ಹತ್ತಿರ ಬಂದವನೇ ನನ್ನ ಮಾಪಕವನ್ನು ಕೈಯಲ್ಲಿ ಹಿಡಿದು ನೋಡಿದ, ತನ್ನ ಬಳಿಯಿದ್ದ ಹೆಚ್ಚುವರಿ ಉಸಿರುಕೊಳವೆಯನ್ನು ನನ್ನ ಬಾಯಿಗಿತ್ತ, ಹೆಬ್ಬೆರಳೆತ್ತಿ ಎಲ್ಲರಿಗೂ ಮೇಲಕ್ಕೆ ಎಂದ. ಇಬ್ಬರೂ ಒಂದೇ ಸಿಲಿಂಡರಿನಿಂದ ಉಸಿರಾಡುತ್ತ ನಿಧಾನವಾಗಿ ಏರಿದೆವು. 5 ಮೀಟರ್ ಆಳದಲ್ಲಿ ನಿಯಮದಂತೆ ಮೂರು ನಿಮಿಷ ನಿಂತೆವು. ನನಗೆ ಗಾಳಿ ಕೊಡುವ ಮೊದಲು ಅವನ ಬಳಿ 120 ಇತ್ತು. ದೋಣಿ ಹತ್ತಿದಾಗ 60.

ಎಲ್ಲರೆದುರು ಅವನು ಏನೂ ಅನ್ನಲಿಲ್ಲ. ದಡ ಸೇರಿದ ಮೇಲೆ ಸಿಲಿಂಡರುಗಳನ್ನು ಇಳಿಸುತ್ತ ಮೆಲ್ಲಗೆ ಹೇಳಿದ: ‘ಸರ್, ನೀವು 120 ಅಂತ ತೋರಿಸಿದ್ರಿ. ಅದನ್ನೇ ನಂಬ್ಕಂಡು ಎಲ್ಲರನ್ನೂ ಆಚೆ ಕರ್ಕಂಡು ಹೋದೆ. ನಿಮ್ಮ ಗಾಳಿ ಬೇಗ ಮುಗಿಯೋದು ತಪ್ಪಲ್ಲ. ಆದ್ರೆ ಅದು ನನಗೆ ಗೊತ್ತಿರ್ಬೇಕಲ್ಲ ಸರ್.’

ನನಗೆ ಉತ್ತರ ತೋಚಲಿಲ್ಲ. ‘ಮುಂದಿನ ಸಲ ನನಗೆ ದೊಡ್ಡ ಸಿಲಿಂಡರ್ ಕೊಟ್ಟುಬಿಡಿ’ ಎಂದೆ. ಹಾಗೆಂದ ಕೂಡಲೇ ನನ್ನ ಮಾತು ನನಗೇ ಪರಿಚಿತವೆನಿಸಿತು. ಖರ್ಚೇಕೆ ಹೆಚ್ಚಾಯಿತೆಂದು ಕೇಳಿದಾಗಲೆಲ್ಲ ಇಲಾಖೆಗಳು ನೀಡುವ ಉತ್ತರ ಇದೇ ಅಲ್ಲವೇ? ಪೂರಕ ಅನುದಾನ ಕೊಡಿ!

ಆ ಬೇಡಿಕೆ ಎಷ್ಟು ಸರಿ ಎಂಬುದನ್ನು ಅನಂತರದ ದಿನಗಳಲ್ಲಿ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಅದಕ್ಕೆ ಮೊದಲು ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ಪತ್ರಿಕೆಗಳೂ ಸೇರಿದಂತೆ ಅನೇಕರು ಇದನ್ನು ‘ಆಮ್ಲಜನಕದ ಸಿಲಿಂಡರ್’ ಎನ್ನುತ್ತಾರೆ. ಅದರಲ್ಲಿರುವುದು ನಾವು ಉಸಿರಾಡುವ ಸಾಮಾನ್ಯ ಗಾಳಿಯೇ. ಒತ್ತಿ ತುಂಬಿದ್ದು, ಅಷ್ಟೆ. ಅದರಲ್ಲಿ ಆಮ್ಲಜನಕ ಐದನೆಯ ಒಂದು ಭಾಗದಷ್ಟು. ಶುದ್ಧ ಆಮ್ಲಜನಕವನ್ನು ಹೊತ್ತು ಆರೇಳು ಮೀಟರಿಗಿಂತ ಕೆಳಗಿಳಿದರೆ ಅದೇ ವಿಷವಾಗಿ ಸೆಳವು ಬರಿಸಬಲ್ಲದು.

ಬೆಚ್ಚಗಿನ ಸಮುದ್ರಗಳ ಪ್ರವಾಸಿ ತಾಣಗಳಲ್ಲಿ ಸಾಮಾನ್ಯವಾಗಿ ಕೊಡುವುದು ‘80’ ಎಂಬ ಹೆಸರಿನ ಅಲ್ಯೂಮಿನಿಯಂ ಸಿಲಿಂಡರ್. 80 ಎಂದರೆ 80 ಘನ ಅಡಿ. ವಾಸ್ತವವಾಗಿ ಹಿಡಿಯುವುದು 77ಕ್ಕೆ ಸ್ವಲ್ಪ ಹೆಚ್ಚು. ಒಳಗಿನ ಜಾಗ 11.1 ಲೀಟರ್. 200 ಬಾರ್ ಒತ್ತಡದಲ್ಲಿ ತುಂಬಿದಾಗ ಸುಮಾರು 2,200 ಲೀಟರ್ ಗಾಳಿ ಅದರಲ್ಲಿ ಅಡಗಿರುತ್ತದೆ. ಖಾಲಿ ಇದ್ದಾಗಲೇ ಅದರ ತೂಕ 14 ಕಿಲೋಗಿಂತ ಹೆಚ್ಚು. ಇದಕ್ಕಿಂತ ಚಿಕ್ಕದಾದ 9 ಲೀಟರಿನ ‘63’ ಇದೆ. ಯುರೋಪಿನಲ್ಲಿ ಬಳಕೆಯಲ್ಲಿರುವ 12 ಮತ್ತು 15 ಲೀಟರಿನ ಉಕ್ಕಿನ ಸಿಲಿಂಡರುಗಳಿವೆ.

ಈ ದಾಸ್ತಾನು ಎಷ್ಟು ಹೊತ್ತು ಬಾಳುತ್ತದೆ? ಇಲ್ಲಿ 1662ರಷ್ಟು ಹಳೆಯದಾದ ರಾಬರ್ಟ್ ಬಾಯ್ಲ್‌ನ ನಿಯಮ ಆಳುತ್ತದೆ. ಒತ್ತಡ ಇಮ್ಮಡಿಯಾದರೆ ಗಾಳಿಯ ಗಾತ್ರ ಅರ್ಧವಾಗುತ್ತದೆ. ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಸೇರುತ್ತ ಹೋಗುತ್ತದೆ: 10 ಮೀಟರಿನಲ್ಲಿ ಎರಡು, 20ರಲ್ಲಿ ಮೂರು, 30ರಲ್ಲಿ ನಾಲ್ಕು. ಶ್ವಾಸಕೋಶ ತುಂಬಲು ಅಷ್ಟೇ ಪಟ್ಟು ಹೆಚ್ಚು ಗಾಳಿ ಬೇಕು. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಬಳಸುವವನು 20 ಮೀಟರ್ ಆಳದಲ್ಲಿ 60 ಲೀಟರ್ ಬಳಸುತ್ತಾನೆ. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಇಳಿದಂತೆಲ್ಲ ರೂಪಾಯಿಯ ಮೌಲ್ಯ ಕುಸಿಯುವ ದೇಶ ಇದು.

ಲೆಕ್ಕ ಹೀಗಿದೆ. 200ರಲ್ಲಿ 50 ಬಾರ್ ಮೀಸಲಿಟ್ಟರೆ ಖರ್ಚಿಗೆ ಉಳಿಯುವುದು 150. ಅದನ್ನು 11.1ರಿಂದ ಗುಣಿಸಿದರೆ 1,665 ಲೀಟರ್. ನಿಮಿಷಕ್ಕೆ 20 ಲೀಟರ್ ದರದವನಿಗೆ ಇದು 10 ಮೀಟರಿನಲ್ಲಿ ಸುಮಾರು 41 ನಿಮಿಷ, 20 ಮೀಟರಿನಲ್ಲಿ 27, 30 ಮೀಟರಿನಲ್ಲಿ 20 ನಿಮಿಷ ಬರುತ್ತದೆ. 15 ಲೀಟರಿನ ಸಿಲಿಂಡರ್ ಹೊತ್ತರೆ? 20 ಮೀಟರಿನಲ್ಲಿ 37, 30 ಮೀಟರಿನಲ್ಲಿ 28 ನಿಮಿಷ. ಮೇಲ್ನೋಟಕ್ಕೆ ಇದು ಶುದ್ಧ ಲಾಭ.

ಆದರೆ ನೀರಿನಡಿಯಲ್ಲಿ ಮಿತಿ ಇರುವುದು ಗಾಳಿಯೊಂದಕ್ಕೇ ಅಲ್ಲ. ಒತ್ತಡದಲ್ಲಿ ಉಸಿರಾಡಿದ ಸಾರಜನಕ ರಕ್ತದಲ್ಲಿ, ಅಂಗಾಂಶಗಳಲ್ಲಿ ಕರಗುತ್ತದೆ. ಹೆಚ್ಚು ಹೊತ್ತು ಇದ್ದು ಬೇಗನೆ ಮೇಲೇರಿದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ, ಅದು ಗುಳ್ಳೆಗಳಾಗಿ ಹೊರಬಂದು ಕೀಲುಗಳನ್ನೂ ನರಗಳನ್ನೂ ಘಾಸಿಗೊಳಿಸಬಹುದು. ಬ್ರಿಟನ್ನಿನ ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಸಂಗಡಿಗರು 1908ರಲ್ಲಿ ಪ್ರಕಟಿಸಿದ ಕೋಷ್ಟಕಗಳು ಇದನ್ನು ಲೆಕ್ಕಕ್ಕೆ ತಂದವು. ವಿಹಾರಕ್ಕಾಗಿ ಮುಳುಗುವವರು ಬಳಸುವ ಒಂದು ಪ್ರಚಲಿತ ಕೋಷ್ಟಕದ ಪ್ರಕಾರ, ದಿನದ ಮೊದಲ ಸುತ್ತಿನಲ್ಲಿ 20 ಮೀಟರಿಗೆ 45 ನಿಮಿಷ, 30 ಮೀಟರಿಗೆ 20 ನಿಮಿಷ ಗರಿಷ್ಠ ಮಿತಿ. ಎರಡನೆಯ ಸುತ್ತಿನಲ್ಲಿ ಇನ್ನೂ ಕಡಿಮೆ.

ಈಗ ಹಿಂದಿನ ಲೆಕ್ಕವನ್ನು ಮತ್ತೊಮ್ಮೆ ನೋಡಿ. 30 ಮೀಟರಿನಲ್ಲಿ ‘80’ರ ಗಾಳಿ 20 ನಿಮಿಷಕ್ಕೆ ಮುಗಿಯುತ್ತದೆ, ಸಾರಜನಕದ ಗಡುವೂ 20 ನಿಮಿಷ. ದೊಡ್ಡ ಸಿಲಿಂಡರ್ ಹೊತ್ತವನಿಗೆ ಗಾಳಿ 28 ನಿಮಿಷಕ್ಕಿದೆ. ಆದರೆ ದೇಹದ ಗಡುವು ಬದಲಾಗಿಲ್ಲ. ಒಂದು ಮಿತಿಯನ್ನು ಸಡಿಲಿಸಿದರೆ ಅದರ ಹಿಂದೆ ಅಡಗಿದ್ದ ಇನ್ನೊಂದು ಮಿತಿ ಬಿಗಿಯುತ್ತದೆ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದು. ನೀರಾವರಿ ಹೆಚ್ಚಿದರೆ ಗೊಬ್ಬರ ಸಾಲದು. ಗೊಬ್ಬರ ಸಿಕ್ಕರೆ ಮಾರುಕಟ್ಟೆ ಇಲ್ಲ. ಗಾಳಿ ತೀರುತ್ತಿರುವುದನ್ನು ಮಾಪಕದ ಮುಳ್ಳು ತೋರಿಸುತ್ತದೆ. ಸಾರಜನಕ ತುಂಬುತ್ತಿರುವುದು ದೇಹಕ್ಕೆ ತಿಳಿಯುವುದಿಲ್ಲ. ಕೈಗಡಿಯಾರದಂತಹ ಡೈವ್ ಕಂಪ್ಯೂಟರನ್ನು ನೋಡಿದವನಿಗಷ್ಟೇ ತಿಳಿದೀತು. ಅಂದರೆ ದೊಡ್ಡ ಸಿಲಿಂಡರ್ ಬಯಸುವವನು ಕಣ್ಣಿಗೆ ಕಾಣುವ ಮಿತಿಯನ್ನು ಕೊಟ್ಟು ಕಾಣದ ಮಿತಿಯನ್ನು ಕೊಂಡುಕೊಳ್ಳುತ್ತಾನೆ.

ಹಾಗೆಂದು ದೊಡ್ಡ ಸಿಲಿಂಡರ್ ಅನಗತ್ಯವೆಂದು ಅರ್ಥವಲ್ಲ. ಭಾರಿ ಮೈಕಟ್ಟಿನವರಿಗೆ, ತಣ್ಣನೆಯ ನೀರಿನಲ್ಲಿ ಮುಳುಗುವವರಿಗೆ, ಆಮ್ಲಜನಕದ ಪ್ರಮಾಣ ಹೆಚ್ಚಿಸಿದ ನೈಟ್ರಾಕ್ಸ್ ಬಳಸಿ ಸಾರಜನಕದ ಗಡುವನ್ನು ಮುಂದೂಡಿಕೊಂಡವರಿಗೆ ಅದು ಸಮಂಜಸವಾದ ಆಯ್ಕೆ. ಹೆಚ್ಚುವರಿ ಗಾಳಿಯನ್ನು ಹೆಚ್ಚುವರಿ ಸಮಯವಾಗಿ ಪರಿವರ್ತಿಸದೆ ಮೀಸಲಾಗಿಯೇ ಇಟ್ಟುಕೊಳ್ಳುವ ಸಂಯಮವಿರುವವರಿಗೆ ಇನ್ನೂ ಸಮಂಜಸ. ಅಂತೆಯೇ ಚಿಕ್ಕ ಸಿಲಿಂಡರ್ ಅವಮಾನದ ಸಂಗತಿಯೂ ಅಲ್ಲ. ನನ್ನ ಮಗಳದು ಸಣ್ಣ ಮೈಕಟ್ಟು. ನಿಮಿಷಕ್ಕೆ 12 ಲೀಟರ್ ಅವಳಿಗೆ ಸಾಕು. ಬೇರೊಂದು ಪ್ರವಾಸದಲ್ಲಿ 9 ಲೀಟರಿನ ‘63’ ಹೊತ್ತು, ‘80’ ಹೊತ್ತ ನನಗಿಂತ ಹೆಚ್ಚು ಒತ್ತಡ ಉಳಿಸಿಕೊಂಡೇ ಅವಳು ಮೇಲೆ ಬಂದಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಗೆ ಇಲ್ಲೊಂದು ತಿದ್ದುಪಡಿ ಬೇಕು: ಕಾಲಿನ ಉದ್ದ ಅಳೆದು ಹಾಸಿಗೆ ಆರಿಸು.

ಗಾತ್ರದ ಆಯ್ಕೆಯಲ್ಲಿ ಇನ್ನೆರಡು ಸೂಕ್ಷ್ಮಗಳಿವೆ. ಮೊದಲನೆಯದು, ಬಾರ್ ಎಂಬುದು ಒತ್ತಡದ ಅಳತೆ, ಗಾಳಿಯ ಪರಿಮಾಣದ್ದಲ್ಲ. 50 ಬಾರ್ ಎಂದರೆ 9 ಲೀಟರಿನ ಸಿಲಿಂಡರಿನಲ್ಲಿ 450 ಲೀಟರ್, 15 ಲೀಟರಿನದರಲ್ಲಿ 750 ಲೀಟರ್. ಶೇಕಡಾವಾರು ಪ್ರಗತಿಯನ್ನು ಓದಿ ಮೊತ್ತವನ್ನು ಮರೆಯುವ ತಪ್ಪು ಇಲ್ಲಿಯೂ ಆಗುತ್ತದೆ. ಬೇರೆ ಬೇರೆ ಗಾತ್ರದ ಸಿಲಿಂಡರ್ ಹೊತ್ತ ಜೊತೆಗಾರರು ಇದನ್ನು ದೋಣಿಯಲ್ಲಿರುವಾಗಲೇ ಮಾತನಾಡಿಕೊಳ್ಳಬೇಕು. ಎರಡನೆಯದು, ಗಾಳಿಗೂ ತೂಕವಿದೆ. ತುಂಬಿದ ‘80’ರಲ್ಲಿ ಎರಡೂವರೆ ಕಿಲೋಗಿಂತ ಹೆಚ್ಚು ಗಾಳಿ ಇರುತ್ತದೆ. ತುಂಬಿದ್ದಾಗ ನೀರಿನಲ್ಲಿ ತುಸು ಮುಳುಗುವ ಈ ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಾದಂತೆ ತೇಲಲು ಹವಣಿಸುತ್ತದೆ. ಸೊಂಟದ ಸೀಸದ ತೂಕವನ್ನು ಇದಕ್ಕೆ ತಕ್ಕಂತೆ ಹೊಂದಿಸದಿದ್ದರೆ, ಕೊನೆಯಲ್ಲಿ 5 ಮೀಟರಿನಲ್ಲಿ ನಿಲ್ಲಬೇಕಾದವರು ನಿಲ್ಲಲಾಗದೆ ಮೇಲಕ್ಕೆ ಚಿಮ್ಮುತ್ತಾರೆ. ಉಕ್ಕಿನದಕ್ಕೆ ಸಾಮಾನ್ಯವಾಗಿ ಈ ಚಾಳಿ ಇಲ್ಲ.

ಇನ್ನು ಮೀಸಲಿನ ವಿಷಯ. ಮೊದಲ ಸುತ್ತಿನಲ್ಲಿ ಹಿಂದಿರುಗಿಸಿದ 60 ಬಾರ್ ವ್ಯರ್ಥವಾಯಿತೆಂದು ನಾನು ಹಳಹಳಿಸಿದೆನಲ್ಲ, ಅದರ ಲೆಕ್ಕವನ್ನೂ ಹಾಕಿದೆ. 20 ಮೀಟರ್ ಆಳದಲ್ಲಿ ಜೊತೆಗಾರನ ಗಾಳಿ ನಿಂತುಹೋಯಿತೆನ್ನಿ. ಗಾಬರಿಯಲ್ಲಿ ಇಬ್ಬರೂ ನಿಮಿಷಕ್ಕೆ ತಲಾ 30 ಲೀಟರ್ ಉಸಿರಾಡುತ್ತಾರೆ, ಒಟ್ಟು 60. ಪರಿಸ್ಥಿತಿ ಅರಿತು ಕೊಳವೆ ಬದಲಿಸಲು ಒಂದು ನಿಮಿಷ: ಮೂರು ಪಟ್ಟು ಒತ್ತಡದಲ್ಲಿ 180 ಲೀಟರ್. ನಿಮಿಷಕ್ಕೆ 9 ಮೀಟರ್ ವೇಗದಲ್ಲಿ ಮೇಲೇರಲು ಎರಡು ಕಾಲು ನಿಮಿಷ: ಸರಾಸರಿ ಎರಡು ಪಟ್ಟು ಒತ್ತಡದಲ್ಲಿ 270 ಲೀಟರ್. 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಲು ಇನ್ನೊಂದು 270. ಒಟ್ಟು 720 ಲೀಟರ್. 11.1ರಿಂದ ಭಾಗಿಸಿದರೆ 65 ಬಾರ್! ನಾವು ಧಾರಾಳವೆಂದು ಬಗೆಯುವ 50 ಬಾರ್ ಮೀಸಲು ವಾಸ್ತವವಾಗಿ ತುಸು ಜಿಪುಣತನದ್ದೇ. ಅದಕ್ಕೇ 50ಕ್ಕೆ ಇಳಿದಾಗ ಹೊರಡುವುದಲ್ಲ, 50 ಉಳಿದಿರುವಾಗ ದೋಣಿಯಲ್ಲಿರಬೇಕು ಎಂದು ನಮ್ಮ ಮುಂದಾಳು ಹೇಳಿದ್ದು.

ಈ ಲೆಕ್ಕದಲ್ಲಿ ಗಮನಿಸಬೇಕಾದದ್ದು ಅದರ ಮೊತ್ತಕ್ಕಿಂತ ಅದರ ಒಡೆತನ. ಆ 720 ಲೀಟರಿನಲ್ಲಿ ಅರ್ಧ ನನ್ನದಲ್ಲ. ನನ್ನ ಬೆನ್ನ ಮೇಲಿದ್ದರೂ ಅದು ಜೊತೆಗಾರನ ಪಾಲು. ಅವನ ಬೆನ್ನ ಮೇಲಿರುವುದರಲ್ಲಿ ಒಂದು ಭಾಗ ನನ್ನ ಪಾಲು. ಸರ್ಕಾರದ ಸಾದಿಲ್ವಾರು ನಿಧಿಯಂತೆ ಇದು. ಅನಿರೀಕ್ಷಿತ ವೆಚ್ಚಕ್ಕೆಂದೇ ಎತ್ತಿಟ್ಟದ್ದು. ವರ್ಷಾಂತ್ಯದಲ್ಲಿ ಹಾಗೆಯೇ ಉಳಿದಿದ್ದರೆ ಅದು ವೈಫಲ್ಯವಲ್ಲ. ಅಂದು ನಾನು ಸುಳ್ಳು ಅಂಕಿ ತೋರಿಸಿದಾಗ ಖರ್ಚು ಮಾಡಿದ್ದು ನನ್ನ ಗಾಳಿಯನ್ನಷ್ಟೇ ಅಲ್ಲ. ಮುಂದಾಳು ಉಳಿಸಿಟ್ಟುಕೊಂಡಿದ್ದ, ಉಳಿದ ಮೂವರಿಗೂ ಭರವಸೆಯಾಗಿದ್ದ 60 ಬಾರ್ ನನ್ನೊಬ್ಬನ ಪ್ರತಿಷ್ಠೆಗೆ ವ್ಯಯವಾಯಿತು. ಅದೇ ಹೊತ್ತಿನಲ್ಲಿ ಆ ಮೂವರಲ್ಲಿ ಒಬ್ಬರಿಗೆ ತೊಂದರೆಯಾಗಿದ್ದರೆ ಅವರ ಪಾಲನ್ನು ನಾನು ಉಸಿರಾಡಿ ಮುಗಿಸುತ್ತಿದ್ದೆ. ಈ ಯೋಚನೆ ನನ್ನನ್ನು ಇಂದಿಗೂ ಕಾಡುತ್ತದೆ.

ಇದು ಅತಿಶಯೋಕ್ತಿಯಲ್ಲ. ವಿಹಾರಕ್ಕೆಂದು ಮುಳುಗಿ ಮೃತಪಟ್ಟವರ 947 ಪ್ರಕರಣಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ದುರಂತಕ್ಕೆ ಚಾಲನೆ ಕೊಟ್ಟ ಮೊದಲ ಕಾರಣವನ್ನು ಗುರುತಿಸಲು ಸಾಧ್ಯವಾದ ಪ್ರಕರಣಗಳಲ್ಲಿ ಶೇ 41ರಷ್ಟಕ್ಕೆ ಗಾಳಿಯ ಕೊರತೆಯೇ ಮೂಲವಾಗಿತ್ತು. ಉಪಕರಣಗಳ ದೋಷದ ಪಾಲು ಅದರ ಅರ್ಧದಷ್ಟೂ ಇರಲಿಲ್ಲ. ಯಂತ್ರ ಕೆಡುವುದಕ್ಕಿಂತ ಹೆಚ್ಚಾಗಿ ಕೆಡುವುದು ಮನುಷ್ಯನ ಲೆಕ್ಕ.

ಮಾಪಕವೇ ಇಲ್ಲದ ಕಾಲವೂ ಇತ್ತು. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೊ ಮತ್ತು ಎಮಿಲ್ ಗನ್ಯಾ ಆಕ್ವಾಲಂಗ್ ರೂಪಿಸಿದ ಅನಂತರದ ವರ್ಷಗಳಲ್ಲಿ, ಎಷ್ಟು ಗಾಳಿ ಉಳಿದಿದೆ ಎಂದು ನೀರಿನೊಳಗೆ ತಿಳಿಯುವ ಅನುಕೂಲ ಮುಳುಗುವವರಿಗೆ ಇರಲಿಲ್ಲ. ಅದಕ್ಕಾಗಿ ‘ಜೆ’ ಕವಾಟವೆಂಬ ಏರ್ಪಾಡು ಬಂತು. ಒತ್ತಡ ಒಂದು ಮಟ್ಟಕ್ಕೆ ಇಳಿದೊಡನೆ ಉಸಿರು ಬಿಗಿಯುತ್ತಿತ್ತು. ಬೆನ್ನ ಹಿಂದಿನ ಕಂಬಿಯನ್ನು ಎಳೆದರೆ ಮೀಸಲು ಗಾಳಿ ತೆರೆದುಕೊಳ್ಳುತ್ತಿತ್ತು. ತೊಂದರೆಯೇನೆಂದರೆ, ಆ ಕಂಬಿ ಬಂಡೆಗೋ ದೋಣಿಗೋ ತಗುಲಿ ಮೊದಲೇ ಕೆಳಗಿಳಿದಿದ್ದರೆ ಮೀಸಲು ಸದ್ದಿಲ್ಲದೆ ಖರ್ಚಾಗಿಹೋಗಿರುತ್ತಿತ್ತು. ಇದೆಯೆಂದು ನಂಬಿದ್ದು ಬೇಕಾದಾಗ ಇರುತ್ತಿರಲಿಲ್ಲ. ಇಂದು ಮಾಪಕ ಎಲ್ಲರ ಕೈಯಲ್ಲಿದೆ. ಆದರೆ ಮಾಪಕ ಮಾಲೀಕನಿಗಷ್ಟೇ ನಿಜ ಹೇಳುತ್ತದೆ; ತಂಡಕ್ಕೆ ನಿಜ ಹೇಳಬೇಕಾದವನು ಮಾಲೀಕನೇ.

ಹಾಗಾದರೆ ನನ್ನ ದೊಡ್ಡ ಸಿಲಿಂಡರಿನ ಬೇಡಿಕೆ ಏನಾಯಿತು? ಮುಂದಾಳು ನಕ್ಕು, ಮೊದಲು ಖರ್ಚು ಎಷ್ಟೆಂದು ನೋಡೋಣ ಎಂದ. ವಿಧಾನ ಸರಳ. ಬಳಸಿದ ಬಾರ್‌ಗಳನ್ನು ಸಿಲಿಂಡರಿನ ಲೀಟರಿನಿಂದ ಗುಣಿಸಿ, ನಿಮಿಷಗಳಿಂದಲೂ ಸರಾಸರಿ ಆಳದ ಒತ್ತಡದಿಂದಲೂ ಭಾಗಿಸಬೇಕು. ನನ್ನ ಮೊದಲ ಸುತ್ತಿನಲ್ಲಿ 140 ಬಾರ್ ಬಳಕೆಯಾಗಿತ್ತು, ಅಂದರೆ 1,554 ಲೀಟರ್. 28 ನಿಮಿಷ, ಸರಾಸರಿ ಆಳ 12 ಮೀಟರ್, ಒತ್ತಡ 2.2. ಉತ್ತರ ನಿಮಿಷಕ್ಕೆ 25 ಲೀಟರ್. ದುಂದುಗಾರನ ದರವೇ ಸರಿ.

ಕಾರಣಗಳು ಒಂದೊಂದಾಗಿ ಹೊರಬಂದವು. ಅಗತ್ಯಕ್ಕಿಂತ ಎರಡು ಕಿಲೋ ಹೆಚ್ಚು ಸೀಸ ಕಟ್ಟಿಕೊಂಡಿದ್ದೆ. ಮುಳುಗದಿರಲು ಸದಾ ಕಾಲು ಬಡಿಯುತ್ತಿದ್ದೆ. ದೇಹವನ್ನು ಅಡ್ಡಲಾಗಿ ಚಾಚದೆ ನಿಂತ ಭಂಗಿಯಲ್ಲಿ ಈಜುತ್ತಿದ್ದೆ. ಕೈಗಳಿಂದ ನೀರನ್ನು ಸರಿಸುತ್ತಿದ್ದೆ. ನೀರಿನಡಿಯಲ್ಲಿ ಕೈಗೆ ಕೆಲಸವೇ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಗಾಳಿ ಸಾಲದೆಂಬ ಆತಂಕದಲ್ಲಿ ಬೇಗ ಬೇಗ ಉಸಿರಾಡಿ ಇದ್ದ ಗಾಳಿಯನ್ನೂ ಕಳೆದುಕೊಳ್ಳುತ್ತಿದ್ದೆ. ಉಸಿರು ಹಿಡಿದಿಟ್ಟು ಉಳಿಸುವ ಚಾತುರ್ಯ ಅತ್ಯಂತ ಅಪಾಯಕಾರಿ. ಮೇಲೇರುವಾಗ ಹಿಗ್ಗುವ ಗಾಳಿ ಶ್ವಾಸಕೋಶವನ್ನೇ ಹರಿಯಬಲ್ಲದು. ಬೇಕಾದದ್ದು ನಿಧಾನವಾದ, ಪೂರ್ಣವಾದ, ನಿಲ್ಲದ ಉಸಿರಾಟ. ಹನ್ನೆರಡು ಬಾರಿ ಮುಳುಗಿದ ಮೇಲೆ, ಅದೇ ಸರಾಸರಿ ಆಳದಲ್ಲಿ 36 ನಿಮಿಷಕ್ಕೆ 120 ಬಾರ್ ಖರ್ಚಾಗಿತ್ತು. ಅಂದರೆ ನಿಮಿಷಕ್ಕೆ 17 ಲೀಟರ್. ಅನುದಾನ ಹೆಚ್ಚಲಿಲ್ಲ, ಸಿಲಿಂಡರ್ ಅದೇ ‘80’. ಆದರೂ ಸಮಯ ಹೆಚ್ಚಿತು, ಮೀಸಲೂ ಹೆಚ್ಚಿತು.

ಹವಳದ ದಿಬ್ಬಗಳಿಗೆ ಹೊರಡುವ ಓದುಗರಿಗೆ ನನ್ನ ಅನುಭವದ ನಾಲ್ಕು ಮಾತುಗಳು. ಸಿಲಿಂಡರಿನ ಗಾತ್ರವನ್ನೂ ತುಂಬಿದ ಒತ್ತಡವನ್ನೂ ದೋಣಿಯಲ್ಲೇ ಸ್ವತಃ ನೋಡಿಕೊಳ್ಳಿ; ತುಂಬುವಾಗ ಬಿಸಿಯಾಗಿದ್ದ ಗಾಳಿ ತಣಿದ ಮೇಲೆ 200 ಇದ್ದದ್ದು 180 ಆಗಿರಬಹುದು. ಇಳಿಯುವ ಮೊದಲು ಮಾಪಕದ ಮೇಲೆ ಕಣ್ಣಿಟ್ಟು ಮೂರು ನಾಲ್ಕು ಸಲ ಉಸಿರೆಳೆಯಿರಿ. ಪ್ರತಿ ಉಸಿರಿಗೂ ಮುಳ್ಳು ತೂಗಿದರೆ ಕವಾಟ ಪೂರ್ಣ ತೆರೆದಿಲ್ಲವೆಂದು ಅರ್ಥ. ಆಳದ ಭಾಗವನ್ನು ಮೊದಲು ಮುಗಿಸಿ, ಕ್ರಮೇಣ ಮೇಲಿನ ದಿಬ್ಬಗಳತ್ತ ಬನ್ನಿ. ಹವಳದ ಬಣ್ಣ ಚೆನ್ನಾಗಿ ಕಾಣುವುದೂ ಬೆಳಕಿರುವ ಅಲ್ಲಿಯೇ, ಗಾಳಿ ಹೆಚ್ಚು ಬಾಳುವುದೂ ಅಲ್ಲಿಯೇ. ಸೆಳೆತವಿದ್ದರೆ ಹೋಗುವಾಗ ಅದರೆದುರು ಈಜಿ, ದಣಿದು ಮರಳುವಾಗ ಅದರ ನೆರವು ಪಡೆಯಿರಿ.

ಮುಂದಾಳುಗಳ ಹೊಣೆಯೂ ಕಡಿಮೆಯಲ್ಲ. ಬೇಗ ಗಾಳಿ ಮುಗಿಸುವವರನ್ನು ಒಂದು ಗುಂಪಿನಲ್ಲಿ, ನಿಧಾನಿಗಳನ್ನು ಇನ್ನೊಂದರಲ್ಲಿ ಕರೆದೊಯ್ಯುವುದಾದರೆ ಸುಳ್ಳು ಹೇಳುವ ಪ್ರಲೋಭನೆಯೇ ಇರುವುದಿಲ್ಲ. ಮೊದಲು 50 ಮುಟ್ಟುವವನು ಅಪರಾಧಿಯಲ್ಲ ಎಂದು ದೋಣಿಯಲ್ಲಿಯೇ ಸಾರಿದರೆ ಇನ್ನೂ ಒಳ್ಳೆಯದು. ನಿಜ ಹೇಳಿದವನಿಗೆ ಶಿಕ್ಷೆಯಾಗುವ ವ್ಯವಸ್ಥೆಯಲ್ಲಿ ಸುಳ್ಳು ಅಂಕಿಗಳೇ ಹುಟ್ಟುತ್ತವೆ. ಇದಕ್ಕೆ ನನ್ನ ಸೇವಾವಧಿಯೇ ಸಾಕ್ಷಿ.

ಕಳೆದ ಬಾರಿ ನೇತ್ರಾಣಿಗೆ ಹೋದಾಗಲೂ ಮುಂದಾಳು ಅದೇ ಹುಡುಗ. ಹದಿನೈದು ನಿಮಿಷ ಕಳೆದಾಗ ಅವನು ತಿರುಗುವ ಮೊದಲೇ ನಾನು ಪಕ್ಕಕ್ಕೆ ಈಜಿ ಹೋದೆ. ಬೆರಳ ಸನ್ನೆ ಮಾಡದೆ, ಮಾಪಕವನ್ನೇ ಅವನ ಕಣ್ಣ ಮುಂದೆ ಹಿಡಿದೆ. ಮುಳ್ಳು 140ರಲ್ಲಿತ್ತು. ಅವನು ತನ್ನದನ್ನೂ ತಿರುಗಿಸಿ ನನಗೆ ತೋರಿಸಿದ. ಆಮೇಲೆ ಇಬ್ಬರೂ ಬಂಡೆಯ ಬದಿಯಲ್ಲಿ ಮುಂದೆ ಸಾಗಿದೆವು.